ಕೆರೆಯಂಗಳದ ವಿಷ ಯಾರದು?

2016ರ ಬರದಲ್ಲಿ ಹೊಸದುರ್ಗ ಸೀಮೆಯ ಒಂದು ಹಳ್ಳಿಯ ಕೇರಿಗೆ ನಾವು ನಾಲ್ಕು ಜನ ಹೋಗಿದ್ದೆವು. ಇಬ್ಬರು ಪ್ರೈಮರಿ ಶಾಲೆಯ ಮೇಷ್ಟ್ರು, ಒಬ್ಬ ಹಾಸ್ಟೆಲ್ ಹುಡುಗ, ಇನ್ನೊಬ್ಬ ಕಾಲೇಜು ಅರ್ಧಕ್ಕೆ ಬಿಟ್ಟು ಊರಿಗೆ ಬಂದವನು. ಒಬ್ಬ ಅಜ್ಜಿಯ ಆಡುಗಳು ಒಂದೊಂದಾಗಿ ಸಾಯುತ್ತಿವೆ ಅನ್ನುವ ಸುದ್ದಿ ಬಂದಿತ್ತು. ಐದು ಆಡಿನಲ್ಲಿ ಮೂರು ಆಗಲೇ ಹೋಗಿದ್ದವು. ನಾಲ್ಕನೆಯದು ಗುಡಿಸಲ ಗೋಡೆಗೆ ಒರಗಿಕೊಂಡು ನಿಂತಿತ್ತು. ತಲೆ ಒಂದೇ ಸಮ ಅಲ್ಲಾಡುತ್ತಿತ್ತು. ಹಿಂಗಾಲು ಎತ್ತಿಡಲು ಹೋದರೆ ಸೊಟ್ಟಗೆ ಬಿದ್ದು, ಇಡೀ ಮೈ ಅದರ ಹಿಂದೆ ಜಾರುತ್ತಿತ್ತು. ಮೇಯುತ್ತಿದ್ದರೂ ಮೂಳೆ ಬಿಟ್ಟುಕೊಂಡಿತ್ತು. ಕರೆಸಿದ ಪಶುವೈದ್ಯರು ಒಮ್ಮೆ ನೋಡಿ, ಕೆರೆ ಕಡೆ ಕೈ ತೋರಿಸಿ, ಅಲ್ಲಿರೋ ಗಿಡ ತಿಂದಿದಾವೆ, ಇನ್ನು ಉಳಿಯೋದು ಕಷ್ಟ, ಉಳಿದ ಒಂದನ್ನಾದರೂ ಕಟ್ಟಿಹಾಕಿ ಅಂದು ಹೋದರು.

ನಾವು ಸುಮ್ಮನಿರಬೇಕಿತ್ತು, ಇರಲಿಲ್ಲ. ಓದಿದವರ ಬಾಯಿ ನೋಡಿ. "ಅಜ್ಜಿ, ಆ ಗಿಡದ ಹತ್ರ ಯಾಕೆ ಬಿಟ್ರಿ? ಅದು ವಿಷ ಅಂತ ಗೊತ್ತಿರಲಿಲ್ವಾ?" ಅಂತ ನಮ್ಮಲ್ಲೊಬ್ಬರು ಕೇಳಿಬಿಟ್ಟರು. ದನಿಯಲ್ಲಿ ಪಾಠ ಹೇಳುವ ಧಾಟಿಯೂ ಇತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

"ಗೊತ್ತಿಲ್ದೆ ಏನು ಮೇಷ್ಟ್ರೆ," ಅಂದಳು ಅಜ್ಜಿ. "ನಮ್ಮತ್ತೆ ಕಾಲದಿಂದ್ಲೂ ಗೊತ್ತು. ನಂಗೂ ಗೊತ್ತು, ಆಡಿಗೂ ಗೊತ್ತು. ಹೊಟ್ಟೆಗೆ ಗೊತ್ತಾಗ್ಬೇಕಲ್ಲ. ನೀವೇ ಹೇಳ್ರಪ್ಪ, ಇನ್ನೆಲ್ಲಿಗೆ ಹೊಡ್ಕೊಂಡು ಹೋಗ್ಲಿ?"

ನಾವು ಕೇಳಿದ್ದು ತಿಳಿವಳಿಕೆಯ ಪ್ರಶ್ನೆ, ಆಕೆ ಕೇಳಿದ್ದು ನೆಲದ ಪ್ರಶ್ನೆ. ಆವತ್ತಿನಿಂದ ಈ ಎರಡು ಪ್ರಶ್ನೆಗಳು ನಮ್ಮ ನಡುವೆ ಜಗಳವಾಡುತ್ತಲೇ ಇವೆ. ವಿಷ ಅಂದರೆ ಏನು? ಅದು ಗಿಡದ ಗುಣವೋ, ತಿನ್ನುವವನ ಸ್ಥಿತಿಯೋ? ಸತ್ತ ಆಡಿನ ಪಾಪ ಯಾರ ತಲೆಗೆ? ಇವನ್ನು ತತ್ವಶಾಸ್ತ್ರದ ಪ್ರಶ್ನೆ ಅಂತ ಕರೆದು ಕಾಲೇಜಿನ ಕಪಾಟಿನಲ್ಲಿ ಬೀಗ ಹಾಕಿಡುವುದು ಬೇಡ. ಕೇರಿಯ ಬಾಗಿಲಲ್ಲಿ ಒಂದು ಆಡು ನಡುಗುತ್ತಾ ನಿಂತಿರುವಾಗ ಎದ್ದ ಪ್ರಶ್ನೆಗಳು ಇವು.

ಮೊದಲು ಗಿಡವನ್ನು ನೋಡೋಣ. ಕೆರೆ ಏರಿಯ ಬುಡದಲ್ಲಿ, ತೂಬಿನ ಕಾಲುವೆಯ ಎರಡೂ ಕಡೆ, ಚರಂಡಿ ನೀರು ನಿಲ್ಲುವ ತಗ್ಗುಗಳಲ್ಲಿ ಆಳೆತ್ತರ ಬೆಳೆದು ನಿಂತಿರುತ್ತದೆ. ಹೃದಯದಾಕಾರದ ಎಲೆ, ಗೆಣಸಿನ ಹೂವಿನಂಥದೇ ಆದರೆ ದೊಡ್ಡದಾದ ನಸುಗೆಂಪು ಹೂ. ಕಡ್ಡಿ ಮುರಿದರೆ ಹಾಲು. ನಾವು ತಿನ್ನುವ ಗೆಣಸಿನ ಖಾಸಾ ನೆಂಟ ಇದು. ವಿಜ್ಞಾನದವರ ಹೆಸರು ಐಪೋಮಿಯ ಕಾರ್ನಿಯ. ಹುಟ್ಟೂರು ಅಮೆರಿಕ ಖಂಡದ ಬಿಸಿಲು ನಾಡುಗಳು. ಹೂವಿನ ಚಂದಕ್ಕೆ, ಬೇಲಿಗೆ, ಹಸಿರು ಗೊಬ್ಬರಕ್ಕೆ ಅಂತ ತಂದು ನೆಟ್ಟರು. ಅದು ಬೇಲಿ ದಾಟಿ ಕೆರೆಗಿಳಿಯಿತು. ಕಡಿದು ಎಸೆದ ತುಂಡು ಎಲ್ಲಿ ಬಿತ್ತೋ ಅಲ್ಲೇ ಗೆಣ್ಣಿನಿಂದ ಬೇರು ಬಿಡುತ್ತದೆ. ನೀರಿನಲ್ಲೂ ನಿಲ್ಲುತ್ತದೆ, ಕೆರೆ ಒಣಗಿ ನೆಲ ಸೀಳು ಬಿಟ್ಟಾಗಲೂ ಹಸಿರಾಗಿರುತ್ತದೆ. ಕೇಡಿನ ಗುಟ್ಟೇ ಇದು. ಸುತ್ತಲ ಹುಲ್ಲೆಲ್ಲ ಸುಟ್ಟು ಬೂದಿಯಾದ ಮೇಲೆ ಕಣ್ಣಿಗೆ ಕಾಣುವ ಒಂದೇ ಹಸಿರು ಇದು.

ಉತ್ತರದ ಜಿಲ್ಲೆಗಳಲ್ಲಿ, ಹಿಂದಿ ಸೀಮೆಯಲ್ಲಿ, ಇದಕ್ಕೆ ಬೇಶರಮ್ ಗಿಡ ಅನ್ನುತ್ತಾರೆ. ನಾಚಿಕೆಗೆಟ್ಟದ್ದು. ಕಡಿದರೂ ಬರುತ್ತೆ, ಕಿತ್ತೆಸೆದರೂ ಬರುತ್ತೆ, ಆದ್ದರಿಂದ ಮಾನ ಇಲ್ಲ. ಎಸೆದಲ್ಲೇ ಬೇರು ಬಿಟ್ಟು ಬದುಕುವುದನ್ನು ನಾಚಿಕೆಗೇಡು ಅಂತ ಮೊದಲು ಕರೆದವನು ಎಸೆಸಿಕೊಂಡವನಂತೂ ಆಗಿರಲಾರ. ಇರಲಿ, ಹೆಸರಿನ ಮಾತು ಮುಂದೆ ಇನ್ನೂ ಇದೆ.

ಬೇರೆ ಮೇವಿದ್ದರೆ ಆಡುಕುರಿ ಇದನ್ನು ಮೂಸಿ ಬಿಟ್ಟುಬಿಡುತ್ತವೆ. ಮೇವಿಲ್ಲದಾಗ ಬಾಯಿ ಹಾಕುತ್ತವೆ. ಕೆಲವು ದಿನ ತಿಂದ ಮೇಲೆ ರುಚಿ ಹತ್ತಿ, ಬೇರೆ ಸೊಪ್ಪು ಹಾಕಿದರೂ ಇದನ್ನೇ ಹುಡುಕಿಕೊಂಡು ಹೋಗುತ್ತವೆ. ಇದರ ಎಲೆಯಲ್ಲಿರುವ ಮುಖ್ಯ ವಿಷದ ಹೆಸರು ಸ್ವೇನ್ಸೋನಿನ್. ಆಸ್ಟ್ರೇಲಿಯದಲ್ಲಿ ದನಕುರಿಗಳಿಗೆ ಹುಚ್ಚು ಹಿಡಿಸುವ ಬೇರೊಂದು ಗಿಡದಿಂದ 1979ರಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಮೈಯೊಳಗಿನ ಜೀವಕೋಶ ತನ್ನ ಕಸವನ್ನು ತಾನೇ ಕರಗಿಸಿಕೊಳ್ಳುವ ಒಂದು ಕಿಣ್ವವನ್ನು ಇದು ತಡೆಹಿಡಿಯುತ್ತದೆ. ಕರಗದ ಸಕ್ಕರೆಯಂಥ ವಸ್ತು ಕೋಶಗಳಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ನರಗಳಲ್ಲಿ ತುಂಬಿದಾಗ ತಲೆ ನಡುಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಒಂದು ದಿನದ ಸಾವಲ್ಲ. ವಾರಗಟ್ಟಲೆ ಕಣ್ಣೆದುರೇ ಕರಗುವ ಸಾವು.

ಹಾಗಾದರೆ ಗಿಡ ತಪ್ಪಿತಸ್ಥನೆ? ಈ ಪ್ರಶ್ನೆಗೆ ಮಕ್ಕಳು ಕೂಡ ನಗುತ್ತಾರೆ. ಗಿಡಕ್ಕೆ ಮನಸ್ಸಿಲ್ಲ, ಉದ್ದೇಶವಿಲ್ಲ, ಅಂದಮೇಲೆ ತಪ್ಪೂ ಇಲ್ಲ. ಆದರೆ ದೊಡ್ಡವರು ಮಾತಾಡುವಾಗ ಇಷ್ಟು ಸರಳವಾಗಿ ಮಾತಾಡುವುದಿಲ್ಲ. "ಅದರ ಜಾತಿಗುಣವೇ ಅಷ್ಟು" ಅನ್ನುತ್ತಾರೆ. ಹುಟ್ಟಿನಲ್ಲೇ ವಿಷ ಬಂದಿದೆ, ಆದ್ದರಿಂದ ಅದು ಕೆಟ್ಟದ್ದು, ಆದ್ದರಿಂದ ಕಿತ್ತೆಸೆಯಬೇಕು. ಈ ಮೂರು ಮಾತಿನ ಸರಪಳಿ ನಮ್ಮ ಜನ ಚೆನ್ನಾಗಿ ಬಲ್ಲದ್ದು. ಬೇವಿನ ಬೀಜ ಬಿತ್ತಿ ಮಾವು ಬೆಳೆಯುತ್ತೀಯಾ ಅಂತ ನಮ್ಮ ಅಪ್ಪಂದಿರನ್ನು ಶಾಲೆಯ ಬಾಗಿಲಿನಿಂದ ವಾಪಸ್ಸು ಕಳಿಸಿದವರೂ ಗಿಡಮರದ ಉಪಮೆಯನ್ನೇ ಬಳಸಿದ್ದರು.

ಇಲ್ಲಿ ಒಂದು ಸೋಜಿಗದ ಸಂಗತಿ ಇದೆ. 2013ರಲ್ಲಿ ಅಮೆರಿಕದ ಸಂಶೋಧಕರು ಇದೇ ಗಿಡದ ಮೇಲೆ ಒಂದು ವರದಿ ಪ್ರಕಟಿಸಿದರು. ಸ್ವೇನ್ಸೋನಿನ್ ವಿಷವನ್ನು ಗಿಡ ತಯಾರಿಸುವುದೇ ಇಲ್ಲ. ಗಿಡದೊಳಗೆ ವಾಸ ಮಾಡುವ, ಬೀಜದ ಮೂಲಕ ತಾಯಿಗಿಡದಿಂದ ಮರಿಗಿಡಕ್ಕೆ ಬರುವ ಒಂದು ಸಣ್ಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಅದನ್ನು ತಯಾರಿಸುತ್ತದೆ. ಬೀಜಕ್ಕೆ ಬೂಷ್ಟು ಕೊಲ್ಲುವ ಮದ್ದು ಹಾಕಿ ಬೆಳೆಸಿದ ಗಿಡಗಳಲ್ಲಿ ಆ ವಿಷ ಸಿಗಲಿಲ್ಲ. ಮದ್ದು ಹಾಕದ ಬೀಜದಿಂದ ಬಂದ ಗಿಡಗಳಲ್ಲೆಲ್ಲ ಇತ್ತು.

ಇದನ್ನು ಓದಿದ ದಿನ ನಮ್ಮ ಹಾಸ್ಟೆಲ್ ಹುಡುಗ ಕುಣಿದಾಡಿಬಿಟ್ಟ. "ನೋಡಿದ್ರಾ ಸಾರ್, ಹುಟ್ಟುಗುಣ ಅನ್ನೋದು ಸುಳ್ಳು! ವಿಷ ಹೊರಗಿಂದ ಬಂದಿದ್ದು!" ನಮಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಆಮೇಲೆ ಕೂತು ಯೋಚಿಸಿದಾಗ ಈ ಖುಷಿಯನ್ನು ನಂಬಬಾರದು ಅನ್ನಿಸಿತು. ಗಿಡದಿಂದ ಮನುಷ್ಯನಿಗೆ ನ್ಯಾಯ ಎಳೆಯುವುದು ನಮ್ಮ ಎದುರಾಳಿಗಳ ಹಳೆಯ ಚಾಳಿ. ಇವತ್ತು ವಿಜ್ಞಾನ ನಮ್ಮ ಕಡೆ ಒಂದು ಉಪಮೆ ಕೊಟ್ಟಿತು ಅಂತ ನಾವೂ ಅದೇ ದಾರಿ ಹಿಡಿದರೆ, ನಾಳೆ ವಿಷವನ್ನು ತಾನೇ ತಯಾರಿಸುವ ಗಿಡ ತೋರಿಸಿ ಅವರು ಬಾಯಿ ಮುಚ್ಚಿಸುತ್ತಾರೆ. ಅಂಥ ಗಿಡಗಳು ಬೇಕಾದಷ್ಟಿವೆ. ಇದೇ ಗಿಡದಲ್ಲೂ ಅದರದೇ ಸ್ವಂತದ ಕೆಲವು ವಿಷವಸ್ತುಗಳಿವೆ. ಮನುಷ್ಯ ಸಮಾನ ಅನ್ನುವುದಕ್ಕೆ ಬೂಷ್ಟಿನ ಸಾಕ್ಷಿ ಬೇಡ. ಗಿಡವನ್ನು ಗಿಡವಾಗಿಯೇ ನೋಡೋಣ, ಅಜ್ಜಿಯ ಪ್ರಶ್ನೆಗೆ ವಾಪಸ್ಸು ಬರೋಣ.

ಅತಿಯಾದರೆ ಅಮೃತವೂ ವಿಷ ಅನ್ನುವ ಗಾದೆ ನಮ್ಮಲ್ಲಿದೆ. 1538ರಲ್ಲಿ ಯುರೋಪಿನ ಪ್ಯಾರಾಸೆಲ್ಸಸ್ ಎಂಬ ವೈದ್ಯನೂ ಇದನ್ನೇ ಬರೆದ: ಎಲ್ಲವೂ ವಿಷವೇ, ಪ್ರಮಾಣವೊಂದೇ ವಿಷವನ್ನು ವಿಷವಲ್ಲದ್ದನ್ನಾಗಿ ಮಾಡುತ್ತದೆ ಅಂತ. ಮಾತು ನಿಜ. ಆದರೆ ಈ ಮಾತಿನಲ್ಲಿ ಒಬ್ಬ ಅದೃಶ್ಯ ಮನುಷ್ಯ ಕೂತಿದ್ದಾನೆ. ಅವನ ಮುಂದೆ ಎಲೆ ತುಂಬ ಬಗೆಬಗೆಯ ಅಡಿಗೆ ಇದೆ, ಯಾವುದು ಎಷ್ಟು ಬೇಕು ಅಂತ ಅವನು ತೀರ್ಮಾನ ಮಾಡುತ್ತಾನೆ. ಪ್ರಮಾಣ ಅನ್ನುವುದು ಆಯ್ಕೆ ಇದ್ದವನ ಮಾತು. ಕೆರೆಯಂಗಳದಲ್ಲಿ ಒಂದೇ ಹಸಿರು ಉಳಿದಿರುವಾಗ ಆಡಿಗೆ ಅತಿ ಯಾವುದು, ಮಿತಿ ಯಾವುದು?

ಆಡಿನ ಮಾತಷ್ಟೇ ಅಲ್ಲ ಇದು. ಮಧ್ಯಪ್ರದೇಶದ ರೇವಾ ಸೀಮೆಯಲ್ಲಿ ಕೇಸರಿ ಬೇಳೆ ಅನ್ನುವ ಒಂದು ಕಾಳು ಬೆಳೆಯುತ್ತಿದ್ದರು. ಭತ್ತ ಕುಯ್ಯುವ ಮುಂಚೆ ಹಸಿ ಗದ್ದೆಗೇ ಎರಚಿಬಿಟ್ಟರೆ ಸಾಕು. ನೀರು ನಿಂತರೂ ಬರುತ್ತೆ, ಬರ ಬಂದರೂ ಬರುತ್ತೆ. ಅಲ್ಲಿನ ಜಮೀನುದಾರರು ಜೀತದವರಿಗೆ ಇದನ್ನೇ ಕೂಲಿಯಾಗಿ ಅಳೆದುಕೊಡುತ್ತಿದ್ದರು. ಒಮ್ಮೊಮ್ಮೆ ತಿಂದರೆ ಏನೂ ಆಗದ ಕಾಳು, ತಿಂಗಳುಗಟ್ಟಲೆ ಅದೊಂದನ್ನೇ ತಿಂದರೆ ಸೊಂಟದ ಕೆಳಗೆ ಶಕ್ತಿ ಹೋಗಿ ಜನ ಕೋಲೂರಿ ತೆವಳುವಂತಾಗುತ್ತದೆ. 1961ರಲ್ಲಿ ಈ ಬೇಳೆಯ ಮಾರಾಟಕ್ಕೆ ನಿಷೇಧ ಬಂತು. ಆದರೆ ಕೂಲಿಯಾಗಿ ಕೊಡುವ ಕಾಳು ಅಂಗಡಿಗೆ ಬರುವುದೇ ಇಲ್ಲವಲ್ಲ. ಕಾನೂನು ಕಾಳನ್ನು ಹಿಡಿಯಿತು, ಅಳೆದುಕೊಟ್ಟ ಕೈಯನ್ನು ಹಿಡಿಯಲಿಲ್ಲ. ಕಾಳು ಜಮೀನುದಾರನ ಮನೆಯಲ್ಲೂ ಇತ್ತು. ಆದರೆ ಅವನಿಗೆ ಅದರ ಜತೆ ಗೋಧಿ ಇತ್ತು, ಹಾಲು ಇತ್ತು. ಒಂದೇ ಕಾಳು ಒಂದು ಮನೆಯಲ್ಲಿ ಬೇಳೆ, ಇನ್ನೊಂದು ಮನೆಯಲ್ಲಿ ವಿಷ.

ನಮ್ಮ ಸೀಮೆಯ ಜೋಳವನ್ನೇ ನೋಡಿ. ಮಳೆ ಕೈಕೊಟ್ಟು ಮೊಣಕಾಲೆತ್ತರಕ್ಕೆ ಮುರುಟಿ ನಿಂತ ಎಳೆ ಜೋಳದ ಸೊಪ್ಪಿನಲ್ಲಿ ಸಯನೈಡ್ ಸೇರಿಕೊಳ್ಳುತ್ತದೆ. ಹಸಿದ ದನ ನುಗ್ಗಿ ತಿಂದರೆ ಗಂಟೆಯೊಳಗೆ ಉರುಳಿಬೀಳಬಹುದು. ಅದೇ ಜೋಳ ಬಲಿತು ತೆನೆಯಾದರೆ ರೊಟ್ಟಿ. ಜೋಳಕ್ಕೆ ಯಾರೂ ವಿಷದ ಗಿಡ ಅಂತ ಹೆಸರಿಟ್ಟಿಲ್ಲ, ಯಾಕೆಂದರೆ ಅದು ಹೊಲದಲ್ಲಿದೆ, ಹೊಲಕ್ಕೆ ಯಜಮಾನ ಇದ್ದಾನೆ.

ಯಜಮಾನ ಇಲ್ಲದ ಸೊಪ್ಪಿನ ವಿಷಯಕ್ಕೆ ಬರೋಣ. ನಮ್ಮ ಕೇರಿಯ ಹೆಂಗಸರು ಮಳೆಗಾಲದಲ್ಲಿ ಕೆರೆ ಹಿಂದೆ, ಗದ್ದೆ ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ ಬಗ್ಗಿ ಬಗ್ಗಿ ಆಯ್ದು ತರುವ ಬೆರಕೆ ಸೊಪ್ಪು ನೀವೂ ಉಂಡಿರುತ್ತೀರಿ. ಹೊನಗೊನೆ, ಒಂದೆಲಗ, ಅಣ್ಣೆ, ಗಣಿಕೆ, ಇನ್ನೂ ನಾವು ಹೆಸರು ಕೇಳದ ಹತ್ತಾರು ಕುಡಿ. ಇದರಲ್ಲಿ ಗಣಿಕೆಯ ಕಾಯಿ ಹಸಿರಾಗಿದ್ದಾಗ ವಿಷ, ಕಪ್ಪಗೆ ಹಣ್ಣಾದಾಗ ಮಕ್ಕಳು ಬಾಯ್ತುಂಬ ತಿನ್ನುತ್ತಾರೆ. ಹಸಿಯ ನೆಲದ ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ. ಹಾಗೇ ಕಚ್ಚಿದರೆ ಬಾಯಿ ಗಂಟಲು ಉರಿದು ತುರಿಸುತ್ತದೆ, ಹುಣಸೆ ಹಾಕಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆ, ಸಾರು. ಇವಕ್ಕೆ ಪಕ್ಕದಲ್ಲೇ, ಅದೇ ಬಣ್ಣದ, ಅದೇ ಎಲೆಯ, ಮುಟ್ಟಬಾರದ ಗಿಡಗಳೂ ಇರುತ್ತವೆ. ನಮ್ಮ ಅವ್ವಂದಿರು ಮಾತಾಡುತ್ತಲೇ, ಕಣ್ಣು ಬೇರೆ ಕಡೆ ಇದ್ದರೂ, ಬೆರಳಿನಿಂದಲೇ ಅವನ್ನು ಬಿಟ್ಟು ಇವನ್ನು ಚಿವುಟುತ್ತಾರೆ. ಯಾರೋ ಎಂದೋ ಬಾಯಿಗಿಟ್ಟು, ವಾಂತಿ ಮಾಡಿ, ಬಹುಶಃ ಸತ್ತು, ಕಲಿಸಿಹೋದ ವಿದ್ಯೆ ಇದು. ಅದಕ್ಕೆ ಗ್ರಂಥವಿಲ್ಲ, ಋಷಿಯ ಹೆಸರಿಲ್ಲ. ಓದಿದ ನಾವು ನಾಲ್ಕೂ ಜನರನ್ನು ಆ ಬದುವಿನ ಮೇಲೆ ಒಂದು ಮೊರ ಕೊಟ್ಟು ಬಿಟ್ಟರೆ ಸಂಜೆಗೆ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸುತ್ತೇವೆ. ಅಂಥವರು ಹೋಗಿ ಅಜ್ಜಿಗೆ ವಿಷ ಗೊತ್ತಿರಲಿಲ್ವಾ ಅಂದೆವು.

ಆದರೆ ವಿಷ ಗೊತ್ತಿರುವುದು ಈ ನಾಡಿನಲ್ಲಿ ಯಾವಾಗಲೂ ಗೌರವ ತಂದಿಲ್ಲ, ಗುಮಾನಿ ತಂದಿದೆ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಉತ್ತರ ಭಾರತದ ಬ್ರಿಟಿಷ್ ಪೊಲೀಸರು ಒಂದು ದೊಡ್ಡ ಪಿತೂರಿಯ ಕತೆ ಕಟ್ಟಿದ್ದರು. ಚಮ್ಮಾರರು ಚರ್ಮದ ಆಸೆಗೆ ದನಗಳಿಗೆ ವಿಷ ಹಾಕುತ್ತಾರೆ, ಗುಲಗಂಜಿ ಅರೆದು ಸೂಜಿಯಂತೆ ಒಣಗಿಸಿ ದನದ ಚರ್ಮದೊಳಕ್ಕೆ ಚುಚ್ಚುತ್ತಾರೆ, ಪಾಷಾಣ ತಿನ್ನಿಸುತ್ತಾರೆ ಅಂತ. ಅಲ್ಲೊಬ್ಬ ಇಲ್ಲೊಬ್ಬ ಮಾಡಿರಲೂಬಹುದು, ಮನುಷ್ಯರಲ್ಲವೇ. ಆದರೆ ದಾಖಲೆಯಲ್ಲಿ ಒಬ್ಬಿಬ್ಬರ ಅಪರಾಧ ಒಂದು ಇಡೀ ಜಾತಿಯ ಗುಣವಾಗಿ ಕೂತಿತು. ಅದೇ ಕಾಲದಲ್ಲಿ ದನಗಳ ದೊಡ್ಡ ಮಾರಿ, ರಿಂಡರ್‌ಪೆಸ್ಟ್, ದೇಶದ ತುಂಬ ಹಟ್ಟಿಗಟ್ಟಲೆ ದನಗಳನ್ನು ನುಂಗುತ್ತಿತ್ತು. ಅದರ ವಿಚಾರಣೆಗೆ ಸರ್ಕಾರವೇ ಕೂರಿಸಿದ ಆಯೋಗದ ವರದಿ ಬಂದದ್ದು 1871ರಲ್ಲಿ. ಕೆಲವು ಜನಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನೂ ಅದೇ 1871ರಲ್ಲೇ ಬಂತು. ರೋಗವನ್ನು ಒಂದು ಕೈ ಬರೆಯುತ್ತಿತ್ತು, ರಕ್ತದಲ್ಲಿ ಅಪರಾಧವನ್ನು ಇನ್ನೊಂದು ಕೈ ಬರೆಯುತ್ತಿತ್ತು. ಆ ಮಾರಿ ಭೂಮಿಯಿಂದಲೇ ತೊಲಗಿತು ಅಂತ 2011ರಲ್ಲಿ ಘೋಷಣೆಯಾಯಿತು. ಗುಮಾನಿ ತೊಲಗಿದ ಘೋಷಣೆ ಇನ್ನೂ ಆಗಿಲ್ಲ.

ಗುಲಗಂಜಿಯ ಪಾಡನ್ನೇ ನೋಡಿ. ಅಕ್ಕಸಾಲಿಯ ತಕ್ಕಡಿಯಲ್ಲಿದ್ದಾಗ ಅದು ಚಿನ್ನದ ತೂಕ. ಅಜ್ಜಿಯರ ಚೌಕಾಬಾರದ ಮಣೆಯಲ್ಲಿದ್ದಾಗ ಆಟದ ಕಾಯಿ. ಚಮ್ಮಾರನ ಗುಡಿಸಲಲ್ಲಿ ಸಿಕ್ಕಿದರೆ ಕೋರ್ಟಿನ ಸಾಕ್ಷಿ. ಸತ್ತ ದನವನ್ನು ಎಳೆದುಹಾಕುವ ಕೆಲಸ ನಮ್ಮವರಿಗೆ ಕಟ್ಟಿದವರೇ, ದನ ಸತ್ತಾಗ ಇವರಿಗೆ ಲಾಭ ಅಂತ ಬೆರಳು ತೋರಿಸಿದರು. ಇದು ಉತ್ತರದ ಕತೆ ಮಾತ್ರ ಅಂತ ಯಾರಾದರೂ ಅಂದುಕೊಂಡರೆ ಅವರ ಊರಿನಲ್ಲಿ ಎತ್ತು ಸತ್ತ ದಿನ ಅರಳಿಕಟ್ಟೆಯ ಮಾತು ಕೇಳಿಸಿಕೊಳ್ಳಲಿ. ಮೀನಿನ ವಿಷಯವೂ ಹಾಗೇ. ಕಳ್ಳಿ ಹಾಲು ಸುರಿದು, ಕಾಡುಕಾಯಿ ಜಜ್ಜಿ ಮಡುವಿನ ನೀರಿಗೆ ಹಾಕಿ ಮೀನು ಮತ್ತು ಬರಿಸಿ ಹಿಡಿಯುವುದು ಬಡವರ ಹಳೆಯ ಉಪಾಯ. 1897ರ ಮೀನುಗಾರಿಕೆ ಕಾಯಿದೆ ನೀರಿಗೆ ವಿಷ ಹಾಕಿ ಮೀನು ಹಿಡಿಯುವುದನ್ನು ಅಪರಾಧ ಮಾಡಿತು. ಕಾಯಿದೆ ತಪ್ಪು ಅಂತ ನಾವು ಹೇಳುವುದಿಲ್ಲ, ಮಡುವಿನ ಮರಿಮೀನೂ ಸಾಯುತ್ತದೆ. ಆದರೆ ಅದೇ ಕೆರೆಗೆ ತೋಟಗಳಿಂದ ಮಳೆನೀರಿನ ಜತೆ ಇಳಿದು ಬರುವುದಕ್ಕೆ ನಮ್ಮ ಭಾಷೆ ಏನೆನ್ನುತ್ತದೆ? ಡಬ್ಬಿಯ ಮೇಲೆ ತಲೆಬುರುಡೆ ಅಚ್ಚಾಗಿದ್ದರೂ ನಾವು ಅದನ್ನು ಔಷಧಿ ಅನ್ನುತ್ತೇವೆ. ತೋಟಕ್ಕೆ ಔಷಧಿ ಹೊಡೆದೆ ಅನ್ನುತ್ತೇವೆ. ಸಾಲ ತೀರಿಸಲಾಗದೆ ಒಬ್ಬ ರೈತ ಅದನ್ನೇ ಕುಡಿದು ಸತ್ತರೂ, ಔಷಧಿ ಕುಡಿದ ಅನ್ನುತ್ತೇವೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ ಎಂಡೋಸಲ್ಫಾನ್ ಕೂಡ ಔಷಧಿಯೇ ಆಗಿತ್ತು, 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವ ತನಕ. ದುಡ್ಡು ಕೊಟ್ಟು ತಂದದ್ದು ಔಷಧಿ, ದುಡ್ಡಿಲ್ಲದೆ ಬೆಳೆದದ್ದು ವಿಷ.

ಯುರೋಪಿನಲ್ಲಿ ತೊರೆಯ ದಂಡೆ, ಚರಂಡಿಯ ಬದಿಯ ಹಸಿ ನೆಲದಲ್ಲಿ ಬೆಳೆಯುವ ಹೆಮ್ಲಾಕ್ ಅನ್ನುವ ವಿಷದ ಗಿಡವೊಂದಿದೆ. ನಮ್ಮ ಕೊತ್ತಂಬರಿ, ಜೀರಿಗೆಯ ಕುಟುಂಬದ್ದು. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರಟೀಸನಿಗೆ ಕುಡಿಸಿದ್ದು ಇದರ ರಸವನ್ನೇ. ಅವನ ಮೇಲಿದ್ದ ಒಂದು ಆಪಾದನೆ ಹುಡುಗರ ತಲೆ ಕೆಡಿಸಿದ ಅಂತ. ನಿಜವಾದ ವಿಷದ ಬಟ್ಟಲು ಸರ್ಕಾರದ ಕೈಯಲ್ಲಿತ್ತು. ಅದನ್ನು ಕುಡಿಸಿದವರಿಗೆ ಯಾರೂ ವಿಷ ಹಾಕುವವರು ಅನ್ನಲಿಲ್ಲ. ನಮ್ಮ ಪುರಾಣದಲ್ಲೂ ಸಮುದ್ರ ಕಡೆಯುವಾಗ ಹಾವಿನ ತಲೆಯ ಕಡೆ ನಿಂತು ಎಳೆದ ಅಸುರರು ವಿಷದ ಹೊಗೆ ಕುಡಿದರು, ಬಾಲದ ಕಡೆ ಇದ್ದವರು ಅಮೃತ ಹಂಚಿಕೊಂಡರು. ಈ ಕತೆಯನ್ನು ನಮ್ಮ ಪಠ್ಯಪುಸ್ತಕದಲ್ಲಿ ಓದಿಸುವಾಗ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ ನೋಡಿ, ಮೇಷ್ಟ್ರುಗಳೆ: ಯಾವ ಕಡೆ ನಿಲ್ಲಬೇಕು ಅಂತ ಯಾರು ತೀರ್ಮಾನ ಮಾಡಿದರು?

ನೀರಿನ ಮಾತು ಬಂದಮೇಲೆ ಇದನ್ನೂ ಹೇಳಿಬಿಡಬೇಕು. ಕೆರೆಗೆ ಇಳಿದ ಗಿಡವನ್ನು ಹೇಗೆ ವಿಷ ಅಂದರೋ ಹಾಗೆ ಕೆರೆಗೆ ಇಳಿದ ಮನುಷ್ಯನನ್ನೂ ಅಂದಿದ್ದಾರೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರೂ ಅವರೊಂದಿಗೆ ಬಂದ ಸಾವಿರಾರು ಜನರೂ ಬೊಗಸೆಯಲ್ಲಿ ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಗೆ ಗಂಜಳ, ಸಗಣಿ, ಹಾಲು, ಮೊಸರು ಸುರಿದು ಶುದ್ಧ ಮಾಡಿದರು. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ಒಬ್ಬ ದಲಿತ ಹೆಣ್ಣುಮಗಳು ತೊಂಬೆಯ ನಲ್ಲಿಗೆ ಬಾಯಿಟ್ಟು ನೀರು ಕುಡಿದಳು ಅಂತ ತೊಂಬೆಯ ನೀರೆಲ್ಲ ಹರಿಯಬಿಟ್ಟು ಗಂಜಳದಿಂದ ತೊಳೆದರು. ನಡುವೆ ತೊಂಬತ್ತೈದು ವರ್ಷ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಬಾಯಿ ಇಟ್ಟದ್ದಕ್ಕೆ ತೊಂಬೆಯನ್ನು ಅಷ್ಟು ಬೇಗ ತೊಳೆಯುವ ನಾಡಿನಲ್ಲಿ, ಜನ ಸಾಯುವ ಮುಂಚೆ ಕೇರಿಯ ನೀರನ್ನು ನೋಡುವವರು ಇರಲಿಲ್ಲ.

ಈಗ ಕೆರೆಯಂಗಳಕ್ಕೆ ಬರುತ್ತೇವೆ. ಆ ಅಜ್ಜಿಯ ಗಂಡ ಹಿಂದೆ ಊರಿನ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ನೀರು ಅಂತ ಬಿಡುತ್ತಿದ್ದವನು. ಕೆರೆಯ ಒಂದೊಂದು ಗಿಡ, ಒಂದೊಂದು ಮಡು ಅವನಿಗೆ ಗೊತ್ತಿತ್ತು. ಕೆರೆ ಕೆಳಗೆ ಒಂದು ಗುಂಟೆ ಗದ್ದೆ ಇರಲಿಲ್ಲ. ಆಡು ಮೇಯಿಸಲು ಅವರಿಗೆ ಇದ್ದದ್ದು ಗುಡ್ಡದ ಬುಡದ ಗೋಮಾಳ ಮತ್ತು ನೀರಿಳಿದ ಮೇಲಿನ ಕೆರೆಯಂಗಳ. 1966ರ ಭೂಕಂದಾಯ ನಿಯಮದ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕು. ಕಾಗದದಲ್ಲಿ ಬಿಟ್ಟೂ ಇದ್ದಾರೆ. ನೆಲದ ಮೇಲೆ ಹೋಗಿ ನೋಡಿದರೆ ಅಲ್ಲಿ ಕಲ್ಲುಕಂಬ, ತಂತಿ, ತಂತಿಯೊಳಗೆ ತೆಂಗು ಅಡಿಕೆ. ಕೆರೆಯಂಗಳದ ಒಳ್ಳೆಯ ಹುಲ್ಲಿನ ಮಗ್ಗುಲನ್ನೂ ಬದುವಿನವರು ಒಂದೊಂದು ಮಾರು ಒತ್ತಿಕೊಂಡು ಬಂದಿದ್ದಾರೆ. ಉಳಿದದ್ದು ಯಾರಿಗೂ ಬೇಡವಾದ ಕೊಚ್ಚೆಯ ಮೂಲೆ. ಬೇಡವಾದ ಗಿಡವೂ ಅಲ್ಲಿಗೇ ಬಂತು, ಅಜ್ಜಿಯ ಆಡೂ ಅಲ್ಲಿಗೇ ಬಂದವು. ಹಾಗಾಗಿ ಆ ಆಡುಗಳನ್ನು ಕೊಂದದ್ದು ಸ್ವೇನ್ಸೋನಿನ್ ಅಂತ ಪಶುವೈದ್ಯರು ಬರೆದರೆ ಅದು ಸುಳ್ಳಲ್ಲ. ಆದರೆ ಅಷ್ಟೇ ಬರೆದು ಪೆನ್ನು ಮುಚ್ಚುವುದು ಪೂರ್ತಿ ನಿಜವೂ ಅಲ್ಲ. ಸಾವಿಗೆ ಕಾರಣ ಅಂತ ಬರೆಯುವ ಜಾಗದಲ್ಲಿ ಕಲ್ಲುಕಂಬದ ಹೆಸರು ಬರೆಯುವ ಕಾಲಂ ಇಲ್ಲ.

ಇಲ್ಲಿಯವರೆಗೆ ಬರೆದದ್ದು ಬೇರೆಯವರ ಪಾಪ. ನಮ್ಮದೂ ಇದೆ. ಆ ವರ್ಷವೇ ನಾವು ಹುಡುಗರನ್ನು ಕಟ್ಟಿಕೊಂಡು ಶ್ರಮದಾನ ಅಂತ ಕೆರೆಗೆ ಇಳಿದೆವು. ಎರಡು ಭಾನುವಾರ ಮಚ್ಚು ಹಿಡಿದು ಆ ಗಿಡಗಳನ್ನು ಕಡಿದು, ದಂಡೆಗೆ ರಾಶಿ ಹಾಕಿ, ಫೋಟೋ ತೆಗೆಸಿಕೊಂಡು ಬಂದೆವು. ಮುಂದಿನ ಮಳೆಗೆ ಕಡಿದ ತುಂಡುಗಳೆಲ್ಲ ದಂಡೆಯುದ್ದಕ್ಕೂ ಚಿಗುರಿ ಮೊದಲಿಗಿಂತ ದಟ್ಟವಾದವು. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಕಡಿಯುತ್ತಿದ್ದ ದಿನ ಕೇರಿಯ ಇಬ್ಬರು ಹೆಂಗಸರು ಬಂದು, "ಎಲ್ಲಾ ಕಡೀಬೇಡ್ರಪ್ಪ, ಒಲೆಗೆ ಅದೇ ಸೌದೆ ನಮ್ಗೆ, ಹಿತ್ಲ ಬೇಲಿನೂ ಅದೇ" ಅಂದಿದ್ದರು. ನಾವು ಆ ಮಾತಿಗೆ ಕಿವಿಗೊಡಲಿಲ್ಲ. ವಿಷ ಅಂತ ನಮಗೆ ಗೊತ್ತಿತ್ತಲ್ಲ! ಗಂಜಳ ಹಿಡಿದು ಬಂದವರ ಗೊತ್ತಿರುವಿಕೆಗೂ ನಮ್ಮ ಗೊತ್ತಿರುವಿಕೆಗೂ ಆವತ್ತು ಎಷ್ಟು ದೂರ ಇತ್ತು ಅಂತ ಈಗಲೂ ಅಳೆಯುತ್ತೇವೆ. ದೂರ ಇತ್ತು ಅಂತಲೇ ನಂಬಿದ್ದೇವೆ. ನಾವಂದುಕೊಂಡಷ್ಟು ಇರಲಿಲ್ಲ.

ಗಿಡ ಅಪಾಯವಲ್ಲ ಅಂತ ಈ ಮಾತಿನ ಅರ್ಥವಲ್ಲ. ಆಡು ಇರುವವರು ಅದರ ಹತ್ತಿರ ಬಿಡಬಾರದು; ರುಚಿ ಹತ್ತಿದ ಆಡನ್ನು ಮೊದಲಲ್ಲೇ ಕಟ್ಟಿ ಬೇರೆ ಮೇವು ಹಾಕಿದರೆ ಉಳಿಯುವ ಸಾಧ್ಯತೆ ಇದೆ, ನಡುಕ ಹೆಚ್ಚಿದ ಮೇಲೆ ಕಷ್ಟ. ಶಾಲೆಯಲ್ಲಿ ಇದನ್ನು ಹೇಳಿಕೊಡಿ. ಆದರೆ ಹೇಳಿಕೊಡುವಾಗ ಬೇರೆ ಮೇವು ಎಲ್ಲಿ ಅನ್ನುವ ಪ್ರಶ್ನೆ ಮಗು ಕೇಳಿದರೆ ಅದನ್ನು ಸುಮ್ಮನಾಗಿಸಬೇಡಿ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ, ನಮ್ಮ ಜನರ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಹಿನ್ನೀರು ಹೊಸದುರ್ಗದ ಹಳ್ಳಿಗಳ ಹೊಲತೋಟಗಳಿಗೆ ನುಗ್ಗಿತು. ಆ ವರ್ಷದ ಮಳೆಗೆ ಅಜ್ಜಿಯ ಊರಿನ ಕೆರೆಯೂ ತುಂಬಿತು. ಗಿಡದ ತಲೆ ಮಾತ್ರ ನೀರಿನ ಮೇಲೆ, ಹೂ ಬಿಟ್ಟುಕೊಂಡು ನಿಂತಿತ್ತು. ಏರಿಯ ಮೇಲೆ ನಿಂತು ನೋಡಿದವರಿಗೆ ಚಂದ ಕಾಣುತ್ತಿತ್ತು, ಅದನ್ನೂ ಹೇಳಬೇಕು. ನೀರು ಇರುವಷ್ಟು ದಿನ ಆಡುಗಳು ಆ ಕಡೆ ಹೋಗಲಾರವು. ಮೇಯಲು ಉಳಿದಿದ್ದ ಕೆರೆಯಂಗಳವೂ ನೀರಿನಡಿ ಹೋಗಿತ್ತು.

ಆ ದಿನಗಳಲ್ಲಿ ಮತ್ತೆ ಅಜ್ಜಿಯ ಮನೆಗೆ ಹೋದೆವು. ಕಟ್ಟಿಹಾಕಿ ಉಳಿಸಿಕೊಂಡಿದ್ದ ಐದನೆಯ ಆಡಿನ ಸಂತಾನ ಈಗ ಮೂರಾಗಿತ್ತು. ಬಾಗಿಲ ಗೂಟಕ್ಕೆ ಹಗ್ಗ, ಮುಂದೆ ಯಾರದೋ ತೋಟದಲ್ಲಿ ಕಳೆ ಕಿತ್ತ ಕೂಲಿಯ ಜತೆ ಬೇಡಿ ತಂದ ಸೊಪ್ಪು. ಗೋಮಾಳದ ಅಳತೆ ಮಾಡಿಕೊಡಿ ಅಂತ ನಾವು ಕೇರಿಯವರ ಸಹಿ ಹಾಕಿಸಿ ಅರ್ಜಿ ಕೊಟ್ಟ ಮೇಲೆ ಆಗಲೇ ಎರಡು ಬೇಸಿಗೆ ಕಳೆದಿತ್ತು. ಅಜ್ಜಿ ನಮಗೆ ಕೂರಲು ಚಾಪೆ ಹಾಸಿ, ಸೊಪ್ಪನ್ನು ಒಂದೊಂದು ಕಡ್ಡಿಯಾಗಿ ತಿರುವಿ ನೋಡಿ, ಎರಡು ಎಸಳು ತೆಗೆದು ಪಕ್ಕಕ್ಕೆಸೆದು, ಉಳಿದದ್ದನ್ನು ಆಡುಗಳ ಮುಂದೆ ಹಾಕಿದಳು.

"ಆ ಜಾಗ ಯಾರ್ದು ಅಂತ ಕೇಳ್ಕೊಂಡು ಬಂದ್ರಾ ಮೇಷ್ಟ್ರೆ?" ಅಂದಳು.

ಇನ್ನೂ ಇಲ್ಲ ಅಜ್ಜಿ, ಮುಂದಿನ ವಾರ ಮತ್ತೆ ಹೋಗ್ತೀವಿ ಅಂದೆವು.